ಅಳಿಯನ ಪಾಲಿನ ಕೋಳಿತೊಡೆ

ನಾನು ಶಿಂಷಾ ಹೊಳೆಯನ್ನು ಒಂದೇ ನೆಗೆತಕ್ಕೆ ದಾಟುತ್ತಿದ್ದ ಕಾಲದ ಮಾತು. ನಂಬದವರು ಹೊಳೆಯನ್ನೇ ಕೇಳಿ.

ಆ ದಂಡೆಯಲ್ಲಿ ಕಾಳಿಂಗಜ್ಜ ಅಂತ ಒಬ್ಬ ಗುರು. ಸೊಪ್ಪು ಬೆಳೆದು ಸೊಪ್ಪೇ ಉಣ್ಣುವವನು.

ಅವನ ಶಿಷ್ಯ ಪೈಲ್ವಾನ್ ಮಂಚ. ಮಂಚ ಬೀದಿಗಿಳಿದರೆ ಏಳೂರ ಕೋಳಿಗಳು ಮರ ಹತ್ತುತ್ತಿದ್ದವು, ಅಷ್ಟು ತಿಂದಿದ್ದ. ಗುರುವಿನ ಸಹವಾಸದಿಂದ ಮೂರು ತಿಂಗಳಾಗಿತ್ತು, ಬಾಡು ಬಿಟ್ಟು.

ಒಂದು ಬೆಳಗ್ಗೆ ಮುಖ ಸಣ್ಣಗೆ ಮಾಡಿಕೊಂಡು ಬಂದ.

"ಬುದ್ಧಿ, ಹೆಂಡ್ತಿ ತವರಲ್ಲೇ ಕೂತವಳೆ. ಬರಲ್ಲ ಅಂತಾಳೆ."

"ಏನು ಮಾಡಿದೆ?"

"ವ್ರತ ಉಳಿಸ್ಕೊಂಡೆ. ಅತ್ತೆ ಕೋಳಿಸಾರು ಮಾಡಿದ್ರು. ತೊಡೆ ಅಳಿಯನ ಪಾಲಲ್ವಾ, ನನ್ನ ತಟ್ಟೆಗೆ ಹಾಕಿದ್ರು. 'ಹೆಣ ತಿನ್ನೋರ ಪಂಕ್ತೀಲಿ ಕೂರಲ್ಲ' ಅಂತ ಎದ್ದು ಬಂದೆ."

"ಭೇಷ್! ನಾಕು ತಿಂಗಳ ಹಿಂದೆ ಅದೇ ಮನೇಲಿ ಏನು ತಿಂದೆ?"

ಮಂಚ ನೆಲ ನೋಡಿದ. "ಎರಡು ಹುಂಜ, ಬುದ್ಧಿ."

"ಅತ್ತೆ ಏನು ತಿಂದರು?"

"ಅದನ್ನ ಯಾರು ನೋಡಿದ್ರು?"

"ನಾಳೆ ಭಾನುವಾರ. ಅವರ ಒಲೆ ಮೇಲೆ ಹೇಗೂ ಸಾರಿರುತ್ತೆ. ಹೋಗಿ ನಿನ್ನ ತುಂಡು ಈಸ್ಕೋ."

"ಬುದ್ಧಿ! ತಿನ್ನು ಅಂತೀರಾ?"

"ಈಸ್ಕೋ ಅಂದೆ ಕಣೋ."

ಮಂಚ ಹೋದ. ತಟ್ಟೆ ಮುಂದೆ ಕೂತ. ಹೆಂಡತಿ, ಚಿಕ್ಕತಾಯಿ ಅಂತ ಹೆಸರು, ಬಾಗಿಲಿಗೊರಗಿ ದುರುಗುಟ್ಟಿ ನೋಡುತ್ತಿದ್ದಳು. ಅತ್ತೆ ಅಂಜುತ್ತಲೇ ತೊಡೆ ಹಾಕಿದರು.

ಮಂಚ ಮುದ್ದೆ ಮುಟ್ಟಲಿಲ್ಲ. ಮಡಕೆಯೊಳಗೆ ಇಣುಕಿದ. ತಳದಲ್ಲಿ ಒಂದು ಕುತ್ತಿಗೆ, ಒಂದಿಷ್ಟು ರಸ. ಅತ್ತೆಯ ಪಾಲು ಅದೇ.

"ಅತ್ತೆ, ಕೂತ್ಕೊಳ್ಳಿ."

"ಅಯ್ಯೋ, ಅಳಿಯಂದ್ರ ಮುಂದೆ ಕೂರೋದುಂಟಾ?"

"ನಾನು ಆಡಿದ ಮಾತು ತಪ್ಪು. ಕೂತ್ಕೊಳ್ಳಿ."

ಕೋಣವನ್ನು ಎತ್ತಿ ಎಸೆದಿದ್ದ ಕೈಯಿಂದ ಆ ತುಂಡನ್ನು ಮೆಲ್ಲಗೆ ಎತ್ತಿದ. ನಾನೇ ಕಂಡಿದ್ದೇನೆ. ಅತ್ತೆಯ ತಟ್ಟೆಗೆ ಹಾಕಿದ.

ಅತ್ತೆ ಕೂತು ಒಂದು ಚೂರು ಕಚ್ಚಿದರು. ಕಣ್ಣರಳಿಸಿ ಮಗಳನ್ನು ಕೇಳಿದರು:

"ಏನೇ, ತೊಡೆ ಇಷ್ಟು ಮೆತ್ತಗಿರುತ್ತಾ?"

ನಲವತ್ತು ವರ್ಷ ಕೋಳಿ ಬೇಯಿಸಿದವರ ಪ್ರಶ್ನೆ ಅದು. ಚಿಕ್ಕತಾಯಿ ನಗುತ್ತ ಬಟ್ಟೆ ಗಂಟು ಕಟ್ಟಿದಳು.

"ನಡೀರಿ ಹೋಗವ. ಆರು ದಿನ ನಾನೂ ಸೊಪ್ಪೇ ಉಣ್ತೀನಿ. ಭಾನುವಾರ ಮಾತ್ರ ನನ್ನ ತಟ್ಟೆ ಕಡೆ ನೋಡ್ಬೇಡಿ."

ದಾರಿಯಲ್ಲಿ ಇಬ್ಬರೂ ಗುರುವಿನ ಹತ್ತಿರ ಬಂದರು. ಮಂಚ ಬಲಗೈ ಚಾಚಿದ.

"ಬಾಡು ಮುಟ್ಟಿದೆ, ಬುದ್ಧಿ. ಏಳು ಸಲ ತೊಳೆದೆ, ವಾಸನೆ ಹೋಗಿಲ್ಲ. ಇನ್ನೆಷ್ಟು ಸಲ ತೊಳೀಲಿ?"

ಕಾಳಿಂಗಜ್ಜ ಆ ಕೈ ಮೂಸಿ ನೋಡಿ ನಕ್ಕ.

"ಸಾಕು ಬಿಡೋ. ಹುಟ್ಟಿದಾಗಿಂದ ನಿನ್ನ ಬಾಯಿಗೇ ಓಡ್ತಿದ್ದ ಕೈ, ಇವತ್ತು ಇನ್ನೊಂದು ದಾರಿ ಕಂಡಿದೆ. ತೊಳೆದೂ ತೊಳೆದೂ ಮರೆಸಬೇಡ."