ನರ್ಸಮ್ಮನಿಗೆ ತಕ್ಕ ಪದ

"ಗುರುಗಳೇ, ಇಂಗ್ಲಿಷಿನ ಕಠಿಣ ಗುಣವಾಚಕಗಳ ಅರ್ಥವನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಆದರೂ ನನ್ನ ವಾಕ್ಯಗಳಲ್ಲಿ ಅವನ್ನು ನೀವು ಹೊಡೆದು ಹಾಕುತ್ತೀರಿ. ಅರ್ಥ ಸರಿಯಿದ್ದ ಮೇಲೆ ಬಳಕೆ ತಪ್ಪಾಗುವುದು ಹೇಗೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಉತ್ತರವಾಗಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಅರ್ಜಿ ಬರೆಯುವವನೊಬ್ಬನಿದ್ದ. ತಾಲ್ಲೂಕು ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ. ಶಾಲೆಯಲ್ಲಿ ಓದಿದ್ದು ಕಡಿಮೆ. ಬಿಡುವಿನಲ್ಲಿ ನಿಘಂಟು ತಿರುವಿ ಇಂಗ್ಲಿಷ್ ಕಲಿತಿದ್ದ. ಒಂದು ದಿನ ಅವನಿಗೆ 'ಇನ್‌ಡಿಫ್ಯಾಟಿಗಬಲ್' ಎಂಬ ಪದ ಸಿಕ್ಕಿತು. ದಣಿವರಿಯದ ಎಂದು ಅರ್ಥ. ಅದು ನಾಲಿಗೆಗೆ ಒಗ್ಗಲು ಒಂದು ವಾರ ಹಿಡಿಯಿತು. ಒಗ್ಗಿದ ಮೇಲೆ ಬಿಡಲು ಮನಸ್ಸಾಗಲಿಲ್ಲ. ಅಭಿನಂದನೆಯ ಕಾಗದಗಳಲ್ಲಿ ನಿವೃತ್ತರಾಗುವ ಮೇಷ್ಟರಿಗೂ ಅದೇ, ವರ್ಗವಾಗಿ ಹೋಗುವ ತಹಸೀಲ್ದಾರರಿಗೂ ಅದೇ, ಗೆದ್ದ ಪಂಚಾಯ್ತಿ ಸದಸ್ಯನಿಗೂ ಅದೇ. ಓದಿದವರೆಲ್ಲ ತಲೆದೂಗಿದರು. ಯಾರೂ ಅರ್ಥ ಕೇಳಲಿಲ್ಲ.

ಒಂದು ಬೆಳಿಗ್ಗೆ ಬುಟ್ಟಿ ಹೆಣೆಯುವ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಅವನಲ್ಲಿಗೆ ಬಂದಳು. ಆಸ್ಪತ್ರೆಯ ನರ್ಸಮ್ಮನಿಗೆ ವರ್ಗವಾಗಿತ್ತು. ಮಧ್ಯಾಹ್ನದ ಬಸ್ಸಿಗೆ ಹೊರಡುವವರಿದ್ದರು. ಅವರಿಗೊಂದು ಕಾಗದ ಬರೆಸಬೇಕಿತ್ತು. ನರ್ಸಮ್ಮ ಕೇರಳದವರು. ಕನ್ನಡ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷಿನಲ್ಲೇ ಬರೆಯಬೇಕು.

"ಬಾಯಲ್ಲಿ ಹೇಳೋಕೆ ಹೋದ್ರೆ ಅಳು ಬಂದುಬಿಡುತ್ತೆ ಸ್ವಾಮಿ," ಎಂದಳು.

ಅವನು ಏನಾಯಿತೆಂದು ಕೇಳಲಿಲ್ಲ. ಎರಡೇ ನಿಮಿಷದಲ್ಲಿ ಟೈಪ್ ಮಾಡಿ ಮುಗಿಸಿದ. ಏನು ಬರೆದಿರಿ ಎಂದು ಅವಳು ಕೇಳಿದಾಗ ಕನ್ನಡದಲ್ಲಿ ಹೇಳಿದ: "ದಣಿವನ್ನೇ ಅರಿಯದ ನರ್ಸಮ್ಮನವರಿಗೆ ನನ್ನ ಕೃತಜ್ಞತೆಗಳು."

ಹೆಂಗಸು ಬೇಡವೆಂದು ತಲೆಯಾಡಿಸಿದಳು.

"ಅದು ಸುಳ್ಳಾಗುತ್ತೆ ಸ್ವಾಮಿ. ಅವರು ದಣೀತಿದ್ರು. ಈ ಮಗು ಎರಡು ತಿಂಗಳು ಮುಂಚೆ ಹುಟ್ಟಿತು, ಚೀಪೋಕೆ ಶಕ್ತಿ ಇರಲಿಲ್ಲ. ನನಗೋ ಜ್ವರ, ಏಳೋಕಾಗ್ತಿರಲಿಲ್ಲ. ಒಳಲೆಯಲ್ಲಿ ತೊಟ್ಟು ತೊಟ್ಟು ಹಾಲು ಕುಡಿಸಿ ಬದುಕಿಸಿದೋರು ಅವರು. ಹತ್ತೊಂಬತ್ತು ದಿನ ಡ್ಯೂಟಿ ಮುಗಿದ ಮೇಲೂ ಮನೆಗೆ ಹೋಗದೆ ಉಳ್ಕೊಂಡ್ರು. ಕಾಲು ಊದಿ ಚಪ್ಪಲಿ ಹಿಡೀತಿರಲಿಲ್ಲ. ಒಂದು ಸಲ ಒಳಲೆ ಕೈಯಲ್ಲಿ ಹಿಡಿದೇ ಗೋಡೆಗೆ ಒರಗಿ ಕಣ್ಣು ಮುಚ್ಚಿಬಿಟ್ರು. ಆಮೇಲೆ ಎದ್ದು ಮುಖ ತೊಳೆದು ಬಂದು ಮಗೂನ ಎತ್ಕೊಂಡ್ರು. ದಣಿವೇ ಇರಲಿಲ್ಲ ಅಂತ ಬರೆದ್ರೆ ಅವರಿಗೇನೂ ಕಷ್ಟವಾಗಲಿಲ್ಲ ಅಂದ ಹಾಗಾಗುತ್ತೆ."

ಅರ್ಜಿ ಬರೆಯುವವನಿಗೆ ನಾಚಿಕೆಯಾಯಿತು. ಆ ಪದವನ್ನು ಅವನು ನೂರು ಜನರಿಗೆ ಹಂಚಿದ್ದ. ಅವರಲ್ಲಿ ಯಾರು ದಣಿದಿದ್ದರು, ಯಾರು ಕೆಲಸವನ್ನೇ ಮಾಡಿರಲಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಕಾಗದವನ್ನು ಹರಿದು ಹಾಕಿ, "ಮೊದಲಿಂದ ಇನ್ನೊಮ್ಮೆ ಹೇಳಮ್ಮ," ಎಂದ.

ಅವಳು ಹೇಳಿದಳು. ಅವನು ಈ ಸಲ ಕೇಳಿಸಿಕೊಂಡ. ಬಳಿಕ ನಿಘಂಟು ತೆಗೆದು ಹುಡುಕುತ್ತಾ ಕುಳಿತ. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಕೊನೆಗೆ, ಎಷ್ಟೋ ಬಾರಿ ಕಣ್ಣು ಹಾಯಿಸಿ ಬಿಟ್ಟಿದ್ದ ಒಂದು ಪದದ ಮೇಲೆ ಬೆರಳಿಟ್ಟ: 'ಅನ್‌ಸ್ಟಿಂಟಿಂಗ್'. ಕೈ ಬಿಗಿಹಿಡಿಯದೆ, ತನಗೆಂದು ಏನನ್ನೂ ಉಳಿಸಿಕೊಳ್ಳದೆ ಕೊಡುವುದು. ಅರ್ಥ ಹೇಳಿ, "ಇದು ಆಗುತ್ತಾ?" ಎಂದು ಅವಳನ್ನೇ ಕೇಳಿದ.

ಹೆಂಗಸು ಮಗುವಿನ ಮುಖ ನೋಡಿ, "ಇದು ನಮ್ಮ ನರ್ಸಮ್ಮನೇ," ಎಂದಳು.

ನಿಘಂಟಿನಲ್ಲಿದ್ದ ಉದಾಹರಣೆಗಳನ್ನೂ ಅವನು ಓದಿದ. ಆ ಪದ ಹೆಚ್ಚಾಗಿ ಮನುಷ್ಯರಿಗಿಂತ ಅವರು ಕೊಟ್ಟ ನೆರವಿಗೆ, ತೋರಿದ ಅಕ್ಕರೆಗೆ ಸೇರುತ್ತಿತ್ತು. ಅವನು ಅದನ್ನು ನರ್ಸಮ್ಮನವರ 'ಆರೈಕೆ'ಗೆ ಗುಣವಾಚಕವಾಗಿ ಸೇರಿಸಿದ. ಊದಿದ ಕಾಲನ್ನೂ, ಗೋಡೆಗೆ ಒರಗಿದ್ದನ್ನೂ ಅವಳು ಹೇಳಿದಂತೆಯೇ ಬರೆದ. ಆಮೇಲೆ ಟೈಪ್‌ರೈಟರಿಗೆ ಬಟ್ಟೆ ಮುಚ್ಚಿ, ತಾನೂ ಅವಳೊಂದಿಗೆ ಬಸ್ ನಿಲ್ದಾಣಕ್ಕೆ ಹೋದ.

ನರ್ಸಮ್ಮ ಕಾಗದವನ್ನು ನಿಂತೇ ಓದಿದರು. ಮತ್ತೊಮ್ಮೆ ಓದಿದರು.

"ಇಪ್ಪತ್ತು ವರ್ಷದಿಂದ ಎಲ್ಲರೂ ನನಗೆ ದಣಿವೇ ಇಲ್ಲ ಅಂತಾರೆ," ಎಂದರು. "ನಾನು ದಣಿದದ್ದನ್ನ ನೋಡಿದ್ದು ನೀನೊಬ್ಬಳೇ ಕಣಮ್ಮ."

ಮಗುವನ್ನು ಎತ್ತಿಕೊಂಡವರು ಕಂಡಕ್ಟರ್ ಸೀಟಿ ಊದುವವರೆಗೂ ಕೆಳಗಿಳಿಸಲಿಲ್ಲ.

ಬಸ್ಸು ಹೋದ ಮೇಲೆ ಅರ್ಜಿ ಬರೆಯುವವನು ಬುಟ್ಟಿಯವಳಿಗೆ ಕೈಮುಗಿದು, "ಇವತ್ತು ನಿನ್ನಿಂದ ಕಲಿತೆ ತಾಯಿ," ಎಂದ. ಏನು ಕಲಿತನೆಂದು ಅವಳಿಗೆ ತಿಳಿಯಲಿಲ್ಲ. ತಾನೂ ಕೈಮುಗಿದಳು.

ಕತೆ ಅಲ್ಲಿಗೆ ಮುಗಿಯಿತು.

"ಹಾಗಾದರೆ ನಾನು ಯಾವ ಪದದಿಂದ ಶುರುಮಾಡಲಿ, ಗುರುಗಳೇ?" ಎಂದು ಚೆನ್ನವೀರ ಕೇಳಿದ.

"ನಿನ್ನನ್ನು ಸಾಕಿದವರು ಹೇಗೆ ದಣಿಯುತ್ತಿದ್ದರು, ಮೊದಲು ಅದನ್ನು ಹೇಳು, ಪದವನ್ನು ಆಮೇಲೆ ಹುಡುಕೋಣ," ಎಂದರು ಗುರುಗಳು.

ಚೆನ್ನವೀರ ಹೇಳಲು ಬಾಯಿ ತೆರೆದ; ತಾನು ಅದನ್ನು ಎಂದೂ ಗಮನಿಸಿ ನೋಡಿರಲಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು.