ಮುದ್ದಲಿಂಗನ ಗೀಟುಕೋಲು

“ಹಳೇಕೋಟೆಯ ಜನರು ಕೇಳಿ. ಅರಸರ ಮಗಳು ನಂಜಾಜಮ್ಮಣ್ಣಿಯವರು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿದವರು ಅವರ ಕಾಯಿಲೆಗೆ ದಾರಿ ತೋರಿಸಬಹುದು, ಕೇಳಿದ್ದನ್ನು ಪಡೆಯಬಹುದು. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆ ಹೋಗುತ್ತದೆ.”

ಇಷ್ಟು ಸಾರಿ ಡಂಗುರದವನು ಮುಂದಿನ ಬೀದಿಗೆ ಹೋದ.

ಅಮ್ಮಣ್ಣಿಯ ಕಣ್ಣು ಹಳದಿಯಾಗಿ ಮೂರು ವರ್ಷವಾಗಿತ್ತು. ಮೈಯೆಲ್ಲ ತುರಿಕೆ, ಹೊಟ್ಟೆಯೊಳಗೆ ಉರಿ, ಅನ್ನ ಕಂಡರೆ ಓಕರಿಕೆ. ಕಾಯಿಲೆ ಯಕೃತ್ತಿನದು ಎಂಬುದನ್ನು ಅರಮನೆಯ ಇಬ್ಬರು ಪಂಡಿತರೂ ಒಪ್ಪಿದ್ದರು. ಉಳಿದುದರಲ್ಲಿ ಅವರು ಎಣ್ಣೆ ಸೀಗೆಕಾಯಿ. ಸೋಮಪಂಡಿತರು ಉರಿ ಆರಿಸುವ ಮದ್ದು ಕೊಟ್ಟರು. ಉರಿ ತಗ್ಗಿತು, ತುರಿಕೆ ಹೋಗಲಿಲ್ಲ. ಅಪ್ಪಾಜಿಪಂಡಿತರು ಅದನ್ನು ಬಿಡಿಸಿ ಪಿತ್ತ ಹರಿಸುವ ಕಹಿ ಕುಡಿಸಿದರು; ತುರಿಕೆ ನಿಂತಿತು, ಉರಿ ಮರಳಿತು. ತನ್ನ ಮೈ ಹೇಳುವುದನ್ನು ಯಾರೂ ಕೇಳುತ್ತಿಲ್ಲವೆಂದು ಅಮ್ಮಣ್ಣಿ ಆ ಮೂರು ವರ್ಷವನ್ನೇ ಮೂರು ಒಗಟು ಮಾಡಿದಳು.

ಒಗಟನ್ನು ಒಬ್ಬೊಬ್ಬರಿಗೇ ಒಳಮನೆಯಲ್ಲಿ ಹೇಳುತ್ತಿದ್ದಳು. ಸೋಮಪಂಡಿತರು ಮೊದಲನೆಯದಕ್ಕೇ ಸೋತರು. ಅಪ್ಪಾಜಿಪಂಡಿತರು ಅದನ್ನು ದಾಟಿ ಎರಡನೆಯದಕ್ಕೆ ಸೋತರು. ಇಬ್ಬರನ್ನೂ ಒಂದೇ ಸೆರೆಕೋಣೆಗೆ ಹಾಕಿದರು. ಅಲ್ಲಿಯೂ ಬೆನ್ನು ತಿರುಗಿಸಿಯೇ ಕೂತರು, ಪುಣ್ಯಾತ್ಮರು.

ಅಮಾವಾಸ್ಯೆಗೆ ಎರಡು ದಿನವಿರುವಾಗ ಮುದ್ದಲಿಂಗ ಬಂದ. ಅವನು ಕೆರೆಯ ತೂಬು ತೆಗೆದು ಮುಚ್ಚಿ ಹೊಲಗಳಿಗೆ ನೀರು ಹಂಚುವ ನೀರಗಂಟಿ. ಅವನ ತಾಯಿ ಇದೇ ಹಳದಿ ಕಣ್ಣಿನಲ್ಲಿ ಸತ್ತಿದ್ದಳು.

“ಕೋಟೆಯ ಬಾಗಿಲು ಮುಚ್ಚಿಯೇ ಇದೆ, ಹೊರಗಿನಿಂದ ಯಾರೂ ಬಂದಿಲ್ಲ. ಆದರೂ ಗೋಡೆ ಬೀಳುತ್ತಿದೆ. ಕೆಡವುತ್ತಿರುವವರು ಯಾರು?” ಎಂದಳು ಅಮ್ಮಣ್ಣಿ.

“ಕಾವಲಿನವರೇ. ನಮ್ಮ ಕೆರೆ ಏರೀಲಿ ಹೆಗ್ಗಣ ಹಿಡಿಯೋಕೆ ಆಳು ಇಟ್ಟಿದ್ರು. ಹೆಗ್ಗಣ ಮುಗಿದ್ರೂ ಅವರು ಅಗೆಯೋದು ಬಿಡ್ಲಿಲ್ಲ. ಏರಿ ಒಡೆದದ್ದು ಅವರ ಗುದ್ದಲಿಯಿಂದ್ಲೇ. ಬೇಲಿಯೇ ಎದ್ದು ಹೊಲ ಮೇಯ್ದಂಗೆ.”

ಅಮ್ಮಣ್ಣಿ ದಿಂಬು ಬಿಟ್ಟು ನೆಟ್ಟಗೆ ಕೂತಳು.

“ಮನೆಯೊಳಗೆ ಬೆಂಕಿ, ಹೊರಬಾಗಿಲಿಗೆ ಹೊರಗಿನಿಂದ ಅಗುಳಿ. ಮೊದಲು ಯಾವ ಕೆಲಸ? ಅಗುಳಿ ತೆಗೆಯುವುದು ಮೊದಲು ಎಂದವರು ಸೆರೆಯಲ್ಲಿದ್ದಾರೆ.”

“ಮೊದಲು ಅನ್ನೋದೇ ಇಲ್ಲ ಅಮ್ಮಣ್ಣಿ. ಒಬ್ಬ ನೀರು ಹೊಯ್ಬೇಕು, ಅದೇ ಗಳಿಗೇಲಿ ಇನ್ನೊಬ್ಬ ಅಗುಳಿ ತೆಗೀಬೇಕು. ಏರೀನೂ ಕಟ್ಬೇಕು, ಹೂಳು ತುಂಬಿದ ಕಾಲುವೇನೂ ಬಿಡಿಸ್ಬೇಕು. ಒಂದನ್ನೇ ಮಾಡಿದ್ರೆ ಅದೂ ಉಳಿಯಲ್ಲ.”

“ಬೆಂಕಿ ಆರಿತೆಂದು ನೀರು ಹೊರುವವರನ್ನೆಲ್ಲ ಅದೇ ದಿನ ವಾಪಸು ಕಳುಹಿಸಿದೆ. ಮನೆ ಮತ್ತೆ ಹತ್ತಿಕೊಂಡಿತು. ಯಾವ ದಿನ ಕಳುಹಿಸಬೇಕಿತ್ತು?”

ಈಗ ಮುದ್ದಲಿಂಗನಿಗೆ ನಿಜವಾಗಿ ಭಯವಾಯಿತು. ಕೈ ತಾನಾಗಿ ಸೊಂಟದ ಗೀಟುಕೋಲನ್ನು ಹಿಡಿಯಿತು. ತುಂಬಿದ ಕೆರೆಯ ತೂಬನ್ನು ಒಮ್ಮೆಗೇ ಮುಚ್ಚಿದರೆ ನೀರಿನ ಹೊಡೆತಕ್ಕೆ ಕಟ್ಟಡವೇ ಕಿತ್ತುಹೋಗುತ್ತದೆ. ಅದಕ್ಕೆ ನೀರಗಂಟಿಗಳು ಕೋಲಿನ ಮೇಲೆ ಗೀಟು ಹಾಕಿಕೊಂಡು, ತೂಬಿನ ಹಲಗೆಯನ್ನು ದಿನಕ್ಕೊಂದು ಗೀಟಿನಷ್ಟು ಇಳಿಸುತ್ತಾರೆ.

“ಒಂದೇ ದಿನ ಅಲ್ಲ ಅಮ್ಮಣ್ಣಿ,” ಎಂದ. “ಇವತ್ತು ಒಬ್ಬ, ಸ್ವಲ್ಪ ದಿನ ನೋಡ್ಕೊಂಡು ಇನ್ನೊಬ್ಬ. ಕೊನೆಯವನು ಬಾಗಿಲಲ್ಲೇ ಇರ್ಬೇಕಾಗ್ಬೌದು.”

ಅಮ್ಮಣ್ಣಿ ಅತ್ತಳು. ಮೂರು ವರ್ಷದಲ್ಲಿ ಅವಳ ಮಾತು ಒಬ್ಬನಿಗೆ ಕೇಳಿಸಿತ್ತು.

“ಏನು ಬೇಕು, ಕೇಳು,” ಎಂದರು ಸುದ್ದಿ ತಿಳಿದು ಒಳಮನೆಗೆ ಬಂದ ಅರಸರು.

“ಆ ಇಬ್ಬರು ಪಂಡಿತರ ತಲೆ ಕೊಡ್ಸಿ ಬುದ್ಧಿ. ಕತ್ತಿನ ಮೇಲೇ ಇರ್ಲಿ. ನಂಗೆ ಮದ್ದು ಅರೆಯೋಕೆ ಬರಲ್ಲ. ಮೈ ಕಾಯೋ ಕಾವಲೇ ಒಳಗೆ ಉರಿ ಎಬ್ಬಿಸಿದೆ, ಪಿತ್ತದ ಕಾಲುವೇನೂ ಕಟ್ಟಿದೆ. ಅವರ ಮದ್ದು ಎರಡೂ ಸರಿಯೇ, ಬೇರೆ ಬೇರೆ ಕೊಟ್ಟದ್ದೇ ತಪ್ಪು.”

ಪಂಡಿತರು ಒಂದೇ ಕಲ್ಲಿನ ಮುಂದೆ ಕೂತು ಅರೆದರು. ಪಿತ್ತದ ಕಹಿ ಒಂದೇ ಅಳತೆಯಲ್ಲಿ ಮುಂದುವರಿಯಿತು. ಉರಿಯ ಮದ್ದನ್ನು ಮುದ್ದಲಿಂಗನ ಕೋಲು ನೋಡಿ ತಿಂಗಳಿಗೊಂದು ಗೀಟು ಇಳಿಸಿದರು. ಒಮ್ಮೆ ಚೆನ್ನಾಗಿದ್ದೇನೆಂದು ಅಮ್ಮಣ್ಣಿ ಎರಡು ಗೀಟು ಹಾರಿದಳು. ಕಣ್ಣು ಮತ್ತೆ ಹಳದಿಯಾಯಿತು, ಎರಡು ಗೀಟು ಹತ್ತಬೇಕಾಯಿತು. ಅರಮನೆಯ ತೋಟದ ಕಾಲುವೆಯ ಅಧಿಕಾರ ಮುದ್ದಲಿಂಗನಿಗೆ ಸಿಕ್ಕಿತು. ಕೊನೆಗೆ ಉರಿಯ ಮದ್ದು ಒಂದೇ ಗೀಟು ಉಳಿಯಿತು.

“ಇದನ್ನೂ ಇಳಿದುಬಿಡಲೇ?” ಎಂದಳು.

“ಬೇಡ, ಅದಿರ್ಲಿ. ತೂಬಿಗೆ ಮಣ್ಣು ಮೆತ್ತಿ ಮನೆಗೆ ಹೋದ ನೀರಗಂಟಿ ಇಲ್ಲ ಅಮ್ಮಣ್ಣಿ.”

ನಂಜಾಜಮ್ಮಣ್ಣಿ ಅಜ್ಜಿಯಾಗುವವರೆಗೆ ಬದುಕಿದಳು. ಮೊಮ್ಮಕ್ಕಳು ಅರಮನೆಯಲ್ಲಿ ಏನನ್ನು ಬೇಕಾದರೂ ಎಳೆದಾಡಬಹುದಿತ್ತು, ಅವಳ ತಲೆದೆಸೆಯಲ್ಲಿಟ್ಟಿದ್ದ ಆ ಗೀಟುಕೋಲೊಂದನ್ನು ಬಿಟ್ಟು.