ಕಂದಿದ ಎಣ್ಣೆ

ಆ ದಿನಗಳೇ ಬೇರೆ ಬಿಡಿ. ತುಂಗಭದ್ರೆಯ ದಡದಲ್ಲಿ ರುದ್ರಮುನಿ ಮೇಷ್ಟ್ರು ಬಟ್ಟೆಗೆ ಬಣ್ಣ ಹಾಕುವ ಶೆಡ್ಡು. ಹೊನ್ನಪ್ಪನಿಗೆ ಅದೇ ಗುರುಕುಲ. ತಲೆ ನರೆತ ಮೇಲೂ ಅಲ್ಲಿ ಬಣ್ಣಕ್ಕೆ ಬಳಸುತ್ತಿದ್ದ ಅನಿಲೀನ್ ಎಣ್ಣೆಯ ವಾಸನೆ ನೆನಪಾದರೆ ಅವನ ಕಣ್ಣು ತುಂಬುತ್ತಿತ್ತು. ಕೊಳೆತ ಮೀನಿನ ವಾಸನೆ ಅದು, ಆದರೂ ತುಂಬುತ್ತಿತ್ತು.

"ರಬ್ಬರಿಗೂ ಇದೇ ಬೇಕು, ಔಷಧಿಗೂ ಇದೇ ಬೇಕು. ನಮಗೆ ಮಾತ್ರ ಕೊಡೆ ಬಟ್ಟೆಗೆ ಹಾಕೋ ಕಪ್ಪು ಬಣ್ಣವಾದರೆ ಸಾಕು," ಎನ್ನುತ್ತಿದ್ದರು ಮೇಷ್ಟ್ರು.

ಒಮ್ಮೆ ಮದುವೆಗೆಂದು ಊರಿಗೆ ಹೊರಟವರು ಬಾಗಿಲಲ್ಲಿ ನಿಂತರು.

"ಹೊನ್ನಪ್ಪ, ನೈಟ್ರೊಬೆಂಜೀನಿಗೆ ಕಬ್ಬಿಣದ ಪುಡಿ, ಆ್ಯಸಿಡ್ ಹಾಕಿ ಕಾಯಿಸು. ಹಬೆಯಲ್ಲಿ ಬಟ್ಟಿ ಇಳಿಸು. ನಿನ್ನ ಕೈಯಾರೆ ಎಣ್ಣೆ ತೆಗೆದು ತೋರಿಸು. ಸ್ವಂತ ಶೆಡ್ಡು ಹಾಕಲು ಅಪ್ಪಣೆ ಕೊಡ್ತೀನಿ."

ಆರು ವರ್ಷದಿಂದ ಕಾದಿದ್ದ ಮಾತು! ಹೊನ್ನಪ್ಪ ಎಣ್ಣೆ ತೆಗೆದ. ನೀರಿನಷ್ಟು ತಿಳಿ. ಬಾಟಲಿಗೆ ತುಂಬಿ ಕಿಟಕಿಯಲ್ಲಿಟ್ಟು, ಹೋಗುತ್ತಾ ಬರುತ್ತಾ ನೋಡಿ ಹಿಗ್ಗಿದ.

ವಾರ ಕಳೆಯುವುದರೊಳಗೆ ಗಾಳಿ ಬೆಳಕಿಗೆ ಅದು ಬೆಲ್ಲದ ಪಾನಕದ ಬಣ್ಣಕ್ಕೆ ತಿರುಗಿತ್ತು. ಅವತ್ತೇ ಮೇಷ್ಟ್ರು ಬರುವ ದಿನ. ಹೊನ್ನಪ್ಪ ಬಾಟಲಿ ಎತ್ತಿಕೊಂಡು ಒಲೆಯ ಕಡೆ ಓಡಿದ.

"ದ್ಯಾವಣ್ಣ, ಮತ್ತೊಮ್ಮೆ ಬಟ್ಟಿ ಇಳಿಸೋಣ, ಬೇಗ ಬಾ!"

ಗಡಿಬಿಡಿಯಲ್ಲಿ ಎಣ್ಣೆ ದ್ಯಾವಣ್ಣನ ಅಂಗಿಯ ಮೇಲೆ ಚೆಲ್ಲಿತು. ಅವನು ಶೆಡ್ಡಿನ ಹಳೇ ಆಳು.

"ತೊಳ್ಕೊಂಡು ಬಂದುಬಿಡ್ಲಾ?"

"ಆಮೇಲೆ ತೊಳ್ಕೊಳ್ಳುವಿಯಂತೆ. ಮೊದಲು ಉರಿ ಹಾಕು."

ಮಧ್ಯಾಹ್ನ ಮೇಷ್ಟ್ರು ಬಂದರು. ಹೊನ್ನಪ್ಪ ಫಳಫಳಿಸುವ ಬಾಟಲಿ ಮುಂದೆ ಹಿಡಿದ. ಮೇಷ್ಟ್ರು ಅದರ ಆಚೆ ಒಲೆಯ ಬಳಿ ಕೂತಿದ್ದ ದ್ಯಾವಣ್ಣನನ್ನು ನೋಡಿದರು. ಅವನ ತುಟಿ ನೀಲಿಗಟ್ಟಿತ್ತು.

"ಅಯ್ಯೋ ಪಾಪಿ! ಚರ್ಮದಲ್ಲೇ ಇಳಿಯೋ ವಿಷ ಕಣೋ ಇದು!"

ಅಂಗಿ ಹರಿದೆಸೆದರು. ಕೊಡಗಟ್ಟಲೆ ನೀರು ಸುರಿದು, ಸೋಪು ಹಚ್ಚಿ ತಿಕ್ಕಿ, ಗಾಡಿ ಹತ್ತಿಸಿಕೊಂಡು ಆಸ್ಪತ್ರೆಗೆ ಹೋದರು.

ಸಂಜೆ ಒಬ್ಬರೇ ವಾಪಸು ಬಂದರು. ಹೊನ್ನಪ್ಪ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ.

"ಬದುಕಿಕೊಂಡ," ಎಂದರು ಮೇಷ್ಟ್ರು.

ಹೊನ್ನಪ್ಪ ಬಿಕ್ಕಿಬಿಕ್ಕಿ ಅತ್ತ. "ಎಣ್ಣೆ ಕಂದಿತ್ತು ಮೇಷ್ಟ್ರೇ. ನೀವು ನೋಡಿದರೆ ಅಪ್ಪಣೆ ತಪ್ಪುತ್ತೆ ಅಂತ ಹೆದರಿದೆ."

"ನಾನು ತೆಗೆದಿದ್ದೂ ಕಂದುತ್ತೆ ಕಣೋ. ಕಂದಿದ್ದರಲ್ಲೇ ಎಷ್ಟು ಬಟ್ಟೆಗೆ ಕಪ್ಪು ಹಾಕಿಲ್ಲ ನಾವು?"

ಹೊನ್ನಪ್ಪ ತಲೆ ಎತ್ತಿದ.

"ಹಾಗಾದರೆ, ನನ್ನ ಅಪ್ಪಣೆ?"

ಮೇಷ್ಟ್ರು ಹೆಗಲ ಟವೆಲಿನಿಂದ ಅವನ ಮುಖ ಒರೆಸಿದರು.

"ಅದು ಈಗ ನನ್ನ ಕೈಲಿಲ್ಲಪ್ಪ. ಆಸ್ಪತ್ರೆಗೆ ಹೋಗು, ದ್ಯಾವಣ್ಣನ ಕೇಳು."